ಮೀನಖಂಡದ ಸಾಕ್ಷಿ

ಅತ್ತೆ: ಸುತ್ತಿ ಬಳಸಿ ಮಾತಾಡ್ಬೇಡ ಕಣಮ್ಮ. ಕರೆಂಟು ಇವನ ಕಾಲೊಳಗೆ ಹೋಗುತ್ತೋ, ಕಾಲಿಂದ ಹೊರಗೆ ಬರುತ್ತೋ? ಅಷ್ಟು ಹೇಳು ಸಾಕು.

ಸೊಸೆ: ಹೊರಗೆ ಬರುತ್ತೆ ಅತ್ತೆ. ನಾವು ಒಳಗೆ ಏನೂ ಬಿಡಲ್ಲ.

ಅತ್ತೆ: ಇರೋದೆಲ್ಲ ಹೊರಗೆ ಬಂದುಬಿಟ್ರೆ ಆಮೇಲೆ ಇವನಿಗೇನು ಉಳಿಯುತ್ತೆ?

ಮೈದುನ: ಅಮ್ಮಾ, ನಾನೇನು ಬ್ಯಾಟರಿನಾ?

ಅತ್ತೆ: ಬ್ಯಾಟರಿ ಆಗಿದ್ರೆ ರಾತ್ರಿಯೆಲ್ಲ ಮಲಗಿದ್ದಕ್ಕೆ ಚಾರ್ಜಾದ್ರೂ ಆಗಿರ್ತಿದ್ದೆ.

ಮೈದುನ ಪ್ರಯೋಗಾಲಯದ ಉದ್ದನೆಯ ಮೇಜಿನ ಮೇಲೆ ಬೋರಲು ಮಲಗಿದ್ದ. ಪ್ಯಾಂಟು ಮಂಡಿಯವರೆಗೆ ಮಡಚಿತ್ತು. ಬಲಗಾಲಿನ ಪಾದವನ್ನು ಮೇಜಿನ ತುದಿಯ ಕಬ್ಬಿಣದ ಹಲಗೆಯೊಂದಕ್ಕೆ ಪಟ್ಟಿಯಿಂದ ಕಟ್ಟಿದ್ದರು. ಮೀನಖಂಡದ ಮೇಲೆ ಎರಡು ಅಂಟುಬಿಲ್ಲೆಗಳು, ಅವುಗಳಿಂದ ಹೊರಟ ತಂತಿಗಳು ಪರದೆಯೊಂದರ ಬೆನ್ನಿಗೆ ಹೋಗಿ ಸೇರಿಕೊಂಡಿದ್ದವು. ಸೋಫಾ ಅಂಗಡಿಯಲ್ಲಿ ಮಾರಾಟಗಾರನಾಗಿದ್ದ ಅವನಿಗೆ ಮಲಗುವುದು ಕಷ್ಟದ ಕೆಲಸವೇನಲ್ಲ. ಆದರೆ ಅಮ್ಮ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು, ಮಗ ಎಲ್ಲಿ ಹಾರಿಹೋಗುತ್ತಾನೋ ಎಂಬಂತೆ ಅವನ ಎಡಗಾಲನ್ನು ಗಟ್ಟಿಯಾಗಿ ಹಿಡಿದು ಕೂತಿದ್ದು ಅವನಿಗೆ ಹಿಂಸೆಯಾಗಿತ್ತು.

ಹಿಂಸೆಯಾದರೂ ಸೊಸೆ ಯಾರನ್ನೂ ಎಬ್ಬಿಸುವ ಹಾಗಿರಲಿಲ್ಲ. ಕಾಲಿನ ಸ್ನಾಯುವಿನ ಎಳೆಗಳು ಎಷ್ಟು ಓರೆಯಾಗಿವೆ, ಸ್ನಾಯು ಬಿಗಿದಾಗ ಅದರಲ್ಲಿ ಎಷ್ಟು ವಿದ್ಯುತ್ತು ಹುಟ್ಟುತ್ತದೆ, ಇವೆರಡಕ್ಕೂ ಏನು ಸಂಬಂಧ ಎಂದು ಅವಳು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದಳು. ಪ್ರಬಂಧಕ್ಕೆ ಇನ್ನು ಒಂದೇ ಒಂದು ಕಾಲು ಬೇಕಿತ್ತು. ಅದೂ ಆಟ, ಓಟ, ಕುಣಿತ ಯಾವುದರಲ್ಲೂ ಪಳಗದ, ಬರೀ ಸಾಧಾರಣ ಕಾಲು. ಬೆಳಿಗ್ಗೆ ಅಳತೆಗೆಂದು ಬಂದವನೊಬ್ಬ ತಂತಿಗಳನ್ನು ಕಂಡದ್ದೇ ತಡ, ಚಪ್ಪಲಿ ಬಿಟ್ಟು ಓಡಿಹೋಗಿದ್ದ. ಎರವಲು ತಂದಿದ್ದ ಸ್ಕ್ಯಾನ್ ಯಂತ್ರವನ್ನು ಬೇರೆ ವಿಭಾಗದವರು ಇದೇ ಸಂಜೆ ಒಯ್ಯುವವರಿದ್ದರು. ಒಯ್ದರೆ ಇನ್ನು ಮುಂದಿನ ವರ್ಷವೇ. ಅಷ್ಟರಲ್ಲಿ ಊಟದ ಡಬ್ಬಿ ಕೊಡಲು ಬಂದ ಮೈದುನ ಸಿಕ್ಕಿದ. ಅವನು ಫೋನಿನಲ್ಲಿ ಮನೆಗೆ ಹೇಳಿದ. ಅತ್ತೆ ಆಟೋ ಹಿಡಿದುಕೊಂಡು ಬಂದೇಬಿಟ್ಟರು.

ಸೊಸೆ: ಈಗ ಕಾಲು ಸಡಿಲ ಬಿಡು. ಮೊದಲು ಎಳೆಗಳ ಓರೆ ನೋಡ್ತೀನಿ.

ಅತ್ತೆ: ಓರೆನಾ? ನನ್ನ ಮಗನ ಕಾಲು ನೆಟ್ಟಗಿದೆ. ಹುಟ್ಟಿದಾಗಿಂದ ಎಣ್ಣೆ ಹಚ್ಚಿ ನೀವಿದ್ದು ನಾನು.

ಸೊಸೆ: ಕಾಲಲ್ಲ ಅತ್ತೆ, ಒಳಗಿನ ಸ್ನಾಯುವಿನ ಎಳೆಗಳು. ಹಕ್ಕಿ ಗರಿ ನೋಡಿದ್ದೀರಲ್ಲ? ನಡುವೆ ಕಡ್ಡಿ, ಅದರಿಂದ ಎಳೆಗಳು ಓರೆಯಾಗಿ ಹೊರಟಿರ್ತಾವೆ. ಮೀನಖಂಡದ ಒಳಗೂ ಹಾಗೇನೇ.

ಅತ್ತೆ: ಇವನ ಕಾಲಲ್ಲಿ ಗರಿ ಇದೆ ಅಂತೀಯಾ?

ಸೊಸೆ: ಗರಿ ಥರ ಅಂದೆ. ಎಲ್ಲರ ಕಾಲಲ್ಲೂ ಇರುತ್ತೆ.

ಅತ್ತೆ: ನನ್ನ ಕಾಲಲ್ಲಿಲ್ಲ. ನಾನು ಮರ್ಯಾದಸ್ಥರ ಮನೆಯವಳು.

ಸೊಸೆ ಮೀನಖಂಡಕ್ಕೆ ತಣ್ಣನೆಯ ಜೆಲ್ ಬಳಿದು ಸ್ಕ್ಯಾನಿನ ಹಿಡಿ ಇಟ್ಟಳು. ಮೈದುನ ಕಿರುಚಿದ. ಅತ್ತೆಯೂ ಕಿರುಚಿದರು, ಮಗ ಕಿರುಚಿದ ಅಂತ.

ಸೊಸೆ: ಈಗ ಪಾದದಿಂದ ಹಲಗೆ ಒತ್ತು. ಮೆಲ್ಲಗೆ. ಹಾಂ... ಇನ್ನೂ... ನೋಡಿ ಅತ್ತೆ, ಒತ್ತಿದ ಹಾಗೆಲ್ಲ ಎಳೆಗಳು ಗಿಡ್ಡ ಆಗಿ ಇನ್ನೂ ಓರೆ ಆಗ್ತಿವೆ. ಈ ಕಡೆ ಪರದೇಲಿ ಕರೆಂಟಿನ ಗೆರೆ ಹೇಗೆ ಎದ್ದಿದೆ ನೋಡಿ.

ಅತ್ತೆ: ಅಯ್ಯೋ, ಇಷ್ಟೆಲ್ಲ ಇತ್ತಾ ಇವನೊಳಗೆ! ಮನೇಲಿ ನೀರಿನ ಕ್ಯಾನು ಎತ್ತು ಅಂದ್ರೆ ಎಲ್ಲಿ ಹೋಗಿರುತ್ತೆ ಇದು?

ಸೊಸೆ: ಈಗ ಹಲಗೆ ತಿರುಗಿಸ್ತೀನಿ. ಬೆರಳು ಹಿಂದಿನ ಗೋಡೆ ನೋಡೋ ಹಾಗೆ ಪಾದ ಚಾಚಿರಲಿ. ಮತ್ತೆ ಅಷ್ಟೇ ಜೋರಾಗಿ ಒತ್ತು.

ಮೈದುನ: ಒತ್ತ್... ತಾ... ಇದ್ದೀನಿ...

ಸೊಸೆ: ನೋಡಿದ್ರಾ? ಪಾದ ಚಾಚಿದಾಗ ಎಳೆಗಳು ಮೊದಲೇ ಗಿಡ್ಡ ಆಗಿರ್ತಾವೆ. ಅದಕ್ಕೇ ಕರೆಂಟು ಜಾಸ್ತಿ, ಒತ್ತೋದು ಮಾತ್ರ ಕಡಿಮೆ.

ಅತ್ತೆ: ಗಲಾಟೆ ಜಾಸ್ತಿ, ಕೆಲಸ ಕಡಿಮೆ. ಇದನ್ನ ಕಂಡುಹಿಡಿಯೋಕೆ ಮೆಷಿನ್ ಬೇಕಿತ್ತಾ? ನನ್ನ ಕೇಳಿದ್ರೆ ಹೇಳ್ತಿದ್ದೆ.

ಸೊಸೆ ಪರದೆಯತ್ತ ಬಗ್ಗಿದಳು. ಅವಳ ಕಣ್ಣು ಸ್ಕ್ಯಾನಿನ ಚಿತ್ರದಲ್ಲಿ ನೆಟ್ಟಿತ್ತು. ಬಿಲ್ಲೆ ಸರಿಸಿ ನೋಡಿದಳು. ಜೆಲ್ ಒರೆಸಿ ಮತ್ತೆ ಬಳಿದು ನೋಡಿದಳು. ಮೈದುನ ಮತ್ತೆ ಕಿರುಚಿದ. ಈ ಸಲ ಅವಳಿಗೆ ಕೇಳಿಸಲೇ ಇಲ್ಲ.

ಸೊಸೆ: ಏಯ್, ನೀನು ಫುಟ್ಬಾಲ್ ಏನಾದ್ರೂ ಆಡ್ತೀಯಾ?

ಮೈದುನ: ಟೀವೀಲಿ ನೋಡ್ತೀನಿ ಅತ್ತಿಗೆ.

ಸೊಸೆ: ಮೆಟ್ಟಿಲು ಹತ್ತೋದು? ಹಗ್ಗದಾಟ? ಕುಣಿತ?

ಅತ್ತೆ: ಕುಣಿತಾನಾ! ಅಂಗಡೀಲಿ ಸೋಫಾ ಮೇಲೆ ಕೂತು ಗಿರಾಕಿಗಳಿಗೆ ಮೆತ್ತಗಿದೆ, ಮೆತ್ತಗಿದೆ ಅಂತಾನೆ. ಇವನ ಕೆಲಸವೇ ಕೂರೋದು. ಯಾಕಮ್ಮ, ಏನಾಗಿದೆ? ನನ್ನಿಂದ ಮುಚ್ಚಿಡ್ಬೇಡ.

ಸೊಸೆ: ಇಷ್ಟು ದಪ್ಪ ಮೀನಖಂಡ ನಾನು ನೋಡೇ ಇಲ್ಲ. ಎಳೆಗಳು ಒತ್ತೊತ್ತಾಗಿ, ಇಷ್ಟೊಂದು ಓರೆಯಾಗಿ... ಕೂರೋನ ಕಾಲಲ್ಲ ಅತ್ತೆ ಇದು.

ಅತ್ತೆ: ಹಾಗಾದ್ರೆ ಯಾರ ಕಾಲು?

ಅಷ್ಟರಲ್ಲಿ ಹೊರಗೆ ಓಣಿಯಲ್ಲಿ ಯಾರೋ ನಡೆದುಹೋದ ಸದ್ದಾಯಿತು. ಕರೆಂಟಿನ ಗೆರೆ ಚಂಗನೆ ಮೇಲೆ ಹಾರಿತು.

ಸೊಸೆ: ಈಗ ಒತ್ತು ಅಂದೆನಾ?

ಮೈದುನ: ನಾನು ಒತ್ತಲಿಲ್ಲ!

ಹೆಜ್ಜೆ ಸದ್ದು ದೂರವಾಯಿತು. ಗೆರೆ ತಣ್ಣಗಾಯಿತು. ಇನ್ಯಾರೋ ನಡೆದರು. ಗೆರೆ ಮತ್ತೆ ಹಾರಿತು. ಅತ್ತೆ ಮಗನ ಎಡಗಾಲು ಬಿಟ್ಟು ಪರದೆಯ ಹತ್ತಿರ ಬಂದು ನಿಂತರು.

ಅತ್ತೆ: ಇವನ ಕಾಲಿಗೆ ಕಿವಿ ಇದೆ ಕಣಮ್ಮ.

ಸೊಸೆಗೆ ಹೊಳೆದುಬಿಟ್ಟಿತು. ಅವಳು ಬಗ್ಗಿ, ಬೋರಲು ಮಲಗಿದ್ದವನ ಮುಖದ ಹತ್ತಿರ ಮುಖ ತಂದಳು.

ಸೊಸೆ: ಇಂಥ ಕಾಲು ಯಾರಿಗೆ ಬರುತ್ತೆ ಗೊತ್ತಾ? ದಿನಾ ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಲ್ಲೋರಿಗೆ. ಗಂಟೆಗಟ್ಟಲೆ ನಿಲ್ಲೋರಿಗೆ. ಯಾರ ಮುಂದೆ ನಿಲ್ತೀಯ ಹೇಳು.

ಮೈದುನ: ಯಾರ ಮುಂದೇನೂ ಇಲ್ಲ.

ಗೆರೆ ಪರದೆಯ ಮೇಲಂಚಿಗೆ ಹೋಗಿ ಬಡಿಯಿತು.

ಅತ್ತೆ: ಬಾಯಿ ಇಲ್ಲ ಅನ್ನುತ್ತೆ, ಕಾಲು ಹೌದು ಅನ್ನುತ್ತೆ. ನಾನು ಕಾಲನ್ನೇ ನಂಬ್ತೀನಿ. ಯಾರೋ ಅವಳು?

ಮೈದುನ: ಅವಳು ಅಂತ ಯಾರು ಹೇಳಿದ್ರು?

ಅತ್ತೆ: ಗಂಡಸಿನ ಮುಂದೆ ಯಾವ ಗಂಡಸೂ ಇಷ್ಟು ಕಷ್ಟಪಡಲ್ಲ ಕಣೋ.

ಕಾಲನ್ನು ಹಲಗೆಗೆ ಕಟ್ಟಿದ್ದರಿಂದ ಓಡಿಹೋಗುವುದೂ ಸಾಧ್ಯವಿರಲಿಲ್ಲ. ಮೈದುನ ಮೇಜಿನ ಮೇಲಿನ ರೆಕ್ಸಿನ್ನಿಗೆ ಮುಖ ಒತ್ತಿಕೊಂಡೇ ಎಲ್ಲ ಹೇಳಿದ. ವರ್ಷದಿಂದ ದಿನವೂ ಡಬ್ಬಿ ತರುತ್ತಿದ್ದದ್ದು ಅತ್ತಿಗೆಯ ಮೇಲಿನ ಪ್ರೀತಿಯಿಂದ ಅಲ್ಲವಂತೆ. ಓಣಿಯ ಕೊನೆಯಲ್ಲಿ ಯಂತ್ರಗಳ ರಿಪೇರಿ ಮಾಡುವವಳು ಒಬ್ಬಳಿದ್ದಾಳಂತೆ. ಅವಳ ಜೊತೆ ಮಾತಾಡಲು ನಿಂತರೆ ಅವನ ಕಣ್ಣು ಅವಳ ಜೇಬಿನಲ್ಲಿರುವ ಸ್ಕ್ರೂಡ್ರೈವರಿನ ಮಟ್ಟಕ್ಕೆ ಬರುತ್ತದಂತೆ. ಅದಕ್ಕೇ.

ಸೊಸೆ: ಮತ್ತೆ ಡಬ್ಬಿ ತಂದುಕೊಡ್ತೀನಿ ಅಂತ ನೀನಾಗೇ ಬಂದಾಗ ನಾನು ಕಣ್ಣೀರು ಹಾಕಿದ್ದೆನಲ್ಲೋ! ನಿಮ್ಮಣ್ಣನಿಗೆ ನಿನ್ನ ಉದಾಹರಣೆ ಕೊಟ್ಟು ಬೈದಿದ್ದೆನಲ್ಲೋ!

ಮೈದುನ: ಊಟ ಅಂತೂ ಬಿಸಿಯಾಗಿತ್ತಲ್ಲ ಅತ್ತಿಗೆ.

ಅತ್ತೆ: ಎಷ್ಟೆತ್ತರ ಅವಳು? ಕೈ ಎತ್ತಿ ತೋರಿಸು.

ಮೈದುನ: ಮಲಗಿ ತೋರಿಸೋಕೆ ಆಗಲ್ಲಮ್ಮ.

ಬಾಗಿಲು ತೆರೆಯಿತು. ತೋರಿಸುವ ಅಗತ್ಯ ಉಳಿಯಲಿಲ್ಲ. ನೀಲಿ ಅಂಗಿ ತೊಟ್ಟ ರಿಪೇರಿಯವಳು ಚೌಕಟ್ಟಿಗೆ ತಲೆ ತಾಗದಂತೆ ಬಗ್ಗಿ ಒಳಗೆ ಬಂದಳು.

ರಿಪೇರಿಯವಳು: ಮೇಡಂ, ಸ್ಕ್ಯಾನ್ ಮೆಷಿನ್ ತಗೊಂಡು ಹೋಗೋಕೆ ಬಂದೆ... ಅರೆ, ಇವರು ಯಾಕೆ ಹೀಗೆ ಮಲಗಿದ್ದಾರೆ?

ಮೈದುನ ಪಟ್ಟಿ ಕಿತ್ತುಕೊಂಡು, ತಂತಿ ಸಮೇತ ಮೇಜಿನಿಂದ ಧುಮುಕಿ ಎದ್ದು ನಿಂತ. ನಿಂತವನೇ ರೂಢಿಯಂತೆ ತುದಿಗಾಲಿಗೇರಿದ. ಪರದೆಯ ಗೆರೆ ಹುಚ್ಚೆದ್ದು ಕುಣಿಯಿತು, ಯಂತ್ರ ಕುಂಯ್ ಕುಂಯ್ ಎಂದು ಅರಚಿತು. ಅತ್ತೆ ಎರಡೂ ಕೈಗಳನ್ನು ಮಗನ ಹೆಗಲ ಮೇಲಿಟ್ಟು, ತುಂಬಿದ ಟ್ರಂಕಿನ ಮುಚ್ಚಳ ಅದುಮುವ ಹಾಗೆ ಅದುಮಿದರು.

ಅತ್ತೆ: ಇಳಿ ಕೆಳಗೆ. ದೇವರು ಕೊಟ್ಟಷ್ಟಕ್ಕೆ ಇಳಿ.

ಹಿಮ್ಮಡಿಗಳು ನೆಲ ಸೇರಿದವು. ರಿಪೇರಿಯವಳ ಕೈಯಿಂದ ಸಲಕರಣೆಯ ಪೆಟ್ಟಿಗೆ ಜಾರಿತು.

ರಿಪೇರಿಯವಳು: ತಾಗ್ತು! ಹಿಮ್ಮಡಿ ನೆಲಕ್ಕೆ ತಾಗ್ತು!

ಅವಳ ಕಣ್ಣಲ್ಲಿ ನೀರಾಡಿತು.

ಅತ್ತೆ: ಹಿಮ್ಮಡಿ ನೆಲಕ್ಕೆ ತಾಗದೆ ಇನ್ನೇನು ಗೋಡೆಗೆ ತಾಗುತ್ತಾ?

ರಿಪೇರಿಯವಳು: ನಿಮಗೆ ಗೊತ್ತಿಲ್ವಾ ಅಮ್ಮಾ? ಪಾಪ, ಮನೇಲೂ ಮುಚ್ಚಿಟ್ಟಿದ್ದಾರೆ. ಇವರಿಗೆ ನರ ಗಿಡ್ಡ. ಹಿಮ್ಮಡಿ ಊರೋಕೆ ಆಗಲ್ಲ. ವರ್ಷದಿಂದ ನೋಡ್ತಿದ್ದೀನಿ, ನೋವಿಗೆ ಬೆವರ್ತಾ ಇದ್ರೂ ನಗ್ತಾನೇ ಮಾತಾಡ್ತಾರೆ. ಒಂದು ದಿನ ಆದ್ರೂ ಹೇಳ್ಕೊಂಡಿಲ್ಲ.

ಅತ್ತೆ: ನನ್ನ ಮಗನಿಗೆ ಕಾಯಿಲೆ ಅಂದ್ಯಾ? ಎಣ್ಣೆ ಹಚ್ಚಿ ನೀವಿದ ಕಾಲಮ್ಮ ಅದು!

ರಿಪೇರಿಯವಳು: ಎಣ್ಣೆಯಿಂದಲೇ ನರ ಎಳೆದುಕೊಂಡಿರಬಹುದು ಅಂತ ನಮ್ಮ ಡಾಕ್ಟರು ಹೇಳಿದ್ರು.

ಅತ್ತೆ: ಯಾರೇ ಅವನು ಡಾಕ್ಟರು?

ಮೈದುನನಿಗೆ ಇಬ್ಬರ ನಡುವೆ ಬಾಗಿಲೊಂದು ತೆರೆದಂತೆ ಕಂಡಿತು. ಹಿಂದೆ ಮುಂದೆ ನೋಡದೆ ಅದರೊಳಗೆ ನುಗ್ಗಿದ.

ಮೈದುನ: ವಾಸಿ ಆಯ್ತು! ಈಗಷ್ಟೇ ವಾಸಿ ಆಯ್ತು. ಅತ್ತಿಗೆ ಈ ಮೆಷಿನ್ ಹಿಡಿದ್ರು, ಕಾಲೊಳಗೆ ಏನೋ ಜುಂ ಅಂತು, ಹಿಮ್ಮಡಿ ಇಳಿದೇ ಹೋಯ್ತು.

ರಿಪೇರಿಯವಳು ಯಂತ್ರವನ್ನೂ ಅವನನ್ನೂ ನೋಡಿದಳು.

ರಿಪೇರಿಯವಳು: ಈ ಮೆಷಿನ್ ಬಿಚ್ಚಿ ಜೋಡಿಸಿದ್ದು ನಾನು. ಇದು ಒಳಗೆ ಏನಿದೆ ಅಂತ ತೋರಿಸುತ್ತೆ. ಆ ಬಿಲ್ಲೆಗಳು ಕಾಲಿನ ಕರೆಂಟು ಅಳೀತಾವೆ. ಎರಡೂ ಏನನ್ನೂ ವಾಸಿ ಮಾಡಲ್ಲ. ಮೇಡಂ, ಏನು ನಡೀತಿದೆ ಇಲ್ಲಿ?

ಸೊಸೆ: ಅವನ ನರ ಚೆನ್ನಾಗಿದೆ ಕಣಮ್ಮ. ಅವನು ಗಿಡ್ಡ. ಅಷ್ಟೇ.

ಯಂತ್ರ ಇನ್ನೂ ಕುಂಯ್ಗುಡುತ್ತಿತ್ತು. ಮೈದುನ ಬರಿಗಾಲಲ್ಲಿ, ಒಂದು ಕಾಲಿಗೆ ಜೆಲ್ ಮೆತ್ತಿಕೊಂಡು, ಹುಟ್ಟಿದಷ್ಟೇ ಎತ್ತರದಲ್ಲಿ ನಿಂತು ಅವಳ ಮುಖ ನೋಡಲು ಕತ್ತೆತ್ತಿದ. ಇಷ್ಟು ಕೆಳಗಿನಿಂದ ಅವನು ಅವಳನ್ನು ನೋಡಿದ್ದು ಅದೇ ಮೊದಲು.

ಮೈದುನ: ಬೈದುಬಿಡಿ. ಬೈದ್ರೆ ಹಗುರ ಆಗುತ್ತೆ.

ರಿಪೇರಿಯವಳು: ಬೈಯ್ಯೋದು ಆಮೇಲೆ. ಮೊದಲು ನಮ್ಮ ಮನೇಲಿ ಏನು ಹೇಳೋದು, ಅದು ಹೇಳಿ. ನರ ಗಿಡ್ಡ ಇದ್ರೂ ಪರವಾಗಿಲ್ಲ, ಮನುಷ್ಯ ಒಳ್ಳೆಯವರು ಅಂತ ಅತ್ತೂ ಕರೆದೂ ನಮ್ಮಮ್ಮನ್ನ ಒಪ್ಪಿಸಿದ್ದೀನಿ.

ಮೈದುನ: ನನ್ನ ಕೇಳದೇನಾ?

ರಿಪೇರಿಯವಳು: ನೀವು ವರ್ಷ ಆದ್ರೂ ಬಾಯಿ ಬಿಡಲಿಲ್ವಲ್ಲ.

ಮೈದುನ: ತುದಿಗಾಲಲ್ಲಿ ನಿಂತು ಅಂಥ ಮಾತು ಬರಲ್ಲರೀ. ಉಸಿರು ಸಾಲಲ್ಲ. ಈಗ ಹೇಳಿ ನಿಮ್ಮಮ್ಮನಿಗೆ, ಹಿಮ್ಮಡಿ ಚೆನ್ನಾಗಿದೆ ಅಂತ.

ರಿಪೇರಿಯವಳು: ಹಾಗಂದ್ರೆ ಗಿಡ್ಡ ಅಂತ ಗೊತ್ತಾಗುತ್ತೆ. ಕಾಯಿಲೆ ಅಂದ್ರೆ ನಮ್ಮಮ್ಮ ಕರಗ್ತಾರೆ, ಗಿಡ್ಡ ಅಂದ್ರೆ ಕರಗಲ್ಲ.

ಅತ್ತೆ: ಒಂದು ನಿಮಿಷ ತಾಳಿ. ಅಷ್ಟಕ್ಕೂ ಇಲ್ಲಿ ನಾನು ಒಪ್ಪಿದೆ ಅಂತ ಯಾರು ಹೇಳಿದ್ರು?

ಅತ್ತೆ ರಿಪೇರಿಯವಳ ಸುತ್ತ ಒಂದು ಸುತ್ತು ಬಂದರು. ಗೋಡೆಗೆ ಆನಿಸಿಟ್ಟ ಏಣಿಯನ್ನು ನೋಡುವ ಹಾಗೆ ಕೆಳಗಿನಿಂದ ಮೇಲಕ್ಕೆ ನೋಡಿದರು. ಕತ್ತು ನೋಯುವವರೆಗೂ ನೋಡಿದರು.

ಅತ್ತೆ: ಮಿಕ್ಸಿ ರಿಪೇರಿ ಬರುತ್ತಾ ನಿನಗೆ?

ರಿಪೇರಿಯವಳು: ಬರುತ್ತಮ್ಮ.

ಅತ್ತೆ: ಗೀಸರು?

ರಿಪೇರಿಯವಳು: ಅದೂ ಬರುತ್ತೆ.

ಅತ್ತೆ: ಇವನ ಎತ್ತರ ಏನೂ ಅಂಥ ಮುಖ್ಯ ಅಲ್ಲ ಬಿಡು.

ಇಷ್ಟಾಗುವಾಗ ಕೋಣೆಯ ಮೂಲೆಯಿಂದ ಬಿಕ್ಕಿದ ಸದ್ದು ಕೇಳಿಸಿತು. ಎಲ್ಲರೂ ತಿರುಗಿದರು. ಸೊಸೆ ಜೆಲ್ಲಿನ ಬಾಟಲಿ ಅಪ್ಪಿಕೊಂಡು ನೆಲದ ಮೇಲೆ ಕೂತಿದ್ದಳು.

ಸೊಸೆ: ನಿಮ್ಮದೆಲ್ಲ ಆಯ್ತು. ನನ್ನ ಕಾಲು?

ಮೈದುನ: ನಿಮ್ಮ ಕಾಲಿಗೇನಾಯ್ತು ಅತ್ತಿಗೆ?

ಸೊಸೆ: ಪ್ರಬಂಧದ ಕಾಲು ಕಣೋ! ನಿನ್ನದು ಲೆಕ್ಕಕ್ಕೆ ಬರಲ್ಲ. ಅದು ಪ್ರೀತೀಲಿ ಪಳಗಿರೋ ಕಾಲು. ನನಗೆ ಸಾಧಾರಣ ಕಾಲು ಬೇಕು. ಮೆಷಿನ್ ಈಗಲೇ ಹೋಗುತ್ತೆ. ನಾಳೆ ನಮ್ಮ ಸರ್ ಮುಂದೆ ಏನು ಇಡಲಿ?

ರಿಪೇರಿಯವಳಿಗೆ ಪಾಪ ಅನಿಸಿತು. ಬೂಟು ಕಳಚಿ, ನನ್ನದು ತಗೊಳ್ಳಿ ಎಂದು ಮೇಜಿನ ಮೇಲೆ ಬೋರಲು ಮಲಗಿದಳು. ಅವಳ ಪಾದ ಹಲಗೆಯನ್ನು ದಾಟಿ ಕಿಟಕಿಯವರೆಗೆ ಹೋಯಿತು. ಹಲಗೆಯನ್ನು ಎಳೆದರು, ಅವಳನ್ನು ಮೇಲಕ್ಕೆ ಸರಿಸಿದರು. ಪಾದ ಹೊಂದಿದರೆ ತಲೆ ಮೇಜಿನಾಚೆ ನೇತಾಡುತ್ತಿತ್ತು. ಕೊನೆಗೆ ಮೈದುನ ಆ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಗತೊಡಗಿದರು. ನಗುವ ಕಾಲಿನಿಂದ ಬಂದ ಗೆರೆ ಪರದೆಯಲ್ಲಿ ನಿಲ್ಲಲೇ ಇಲ್ಲ.

ಅತ್ತೆ: ಇಳಿಯಮ್ಮ ನೀನು. ಇದು ಹಿರಿಯರ ಕೆಲಸ. ಸಾಧಾರಣ ಕಾಲು ಅಂದ್ರೆ ನನ್ನದು.

ಸೊಸೆ: ಅತ್ತೆ, ನಿಮಗೆ ಮಂಡಿ ನೋವಲ್ವಾ?

ಅತ್ತೆ: ನೋವಿರೋ ಕಾಲಿಗಿಂತ ಸಾಧಾರಣ ಕಾಲು ಎಲ್ಲಿ ಸಿಗುತ್ತೆ? ಏಳೋದಿಲ್ಲ, ಓಡೋದಿಲ್ಲ. ಬೆಳಗಿಂದ ಸಂಜೆವರೆಗೂ ನಾನು ನಡುಮನೆ ಕುರ್ಚಿ ಬಿಟ್ಟು ಅಲ್ಲಾಡಲ್ಲ, ನಿನಗೇ ಗೊತ್ತು. ಹಚ್ಚು ನಿನ್ನ ಜೆಲ್ಲು.

ಸೊಸೆ ಕಣ್ಣೊರೆಸಿಕೊಂಡು ಎದ್ದಳು. ಅಳತೆಗೆ ವಯಸ್ಸಿನ ಕಟ್ಟುಪಾಡು ಇರಲಿಲ್ಲ. ಅತ್ತೆಯ ಪಾದ ಹಲಗೆಗೆ ಹೇಳಿಮಾಡಿಸಿದಂತೆ ಕೂತಿತು. ಬಿಲ್ಲೆ ಅಂಟಿಸಿದಳು, ತಂತಿ ಜೋಡಿಸಿದಳು, ಜೆಲ್ ಬಳಿದಳು. ಅತ್ತೆ ಕಿರುಚಲಿಲ್ಲ. ಮೈದುನನೇ ಅಮ್ಮನ ಪರವಾಗಿ ಕಿರುಚಿದ. ಸೊಸೆ ಸ್ಕ್ಯಾನಿನ ಹಿಡಿಯನ್ನು ಮೀನಖಂಡದ ಮೇಲಿಟ್ಟು ಪರದೆ ನೋಡಿದಳು. ಹಿಡಿಯನ್ನು ತೆಗೆದು ಮತ್ತೆ ಇಟ್ಟಳು.

ಸೊಸೆ: ಅತ್ತೆ...

ಅತ್ತೆ: ಗರಿ ಇದೆಯಾ?

ಸೊಸೆ: ಇವನದಕ್ಕಿಂತ ದಪ್ಪ ಇದೆ ನಿಮ್ಮದು!

ರಿಪೇರಿಯವಳು: ಮೆಷಿನ್ ಸರಿಯಾಗೇ ಇದೆ ಮೇಡಂ. ನಾನು ನಿನ್ನೆ ನೋಡಿದ್ದೀನಿ.

ಸೊಸೆ: ಯಾರ ಮುಂದೆ ನಿಲ್ತೀರಿ ಅತ್ತೆ?

ಅತ್ತೆ ಮುಖವನ್ನು ರೆಕ್ಸಿನ್ನಿಗೆ ಒತ್ತಿಕೊಂಡರು. ಮಾತು ಬಾಯಿಗೆ ಹತ್ತಿ ತುಂಬಿದ ಹಾಗೆ ಬಂತು.

ಅತ್ತೆ: ಪಕ್ಕದ ಮನೆಯವರು ಕಾಂಪೌಂಡು ಎತ್ತರ ಮಾಡಿಸಿಬಿಟ್ರಲ್ಲಮ್ಮ. ಮುಂಚೆ ಕುರ್ಚೀಲಿ ಕೂತ್ರೂ ಅವರ ಅಡುಗೆಮನೆ ಕಾಣಿಸ್ತಿತ್ತು. ಅವರ ಮಗಳು ಗಂಡನ ಮನೆಯಿಂದ ಬಂದು ಕೂತಿದ್ದಾಳೆ, ಯಾಕೆ ಅಂತ ಯಾರೂ ಹೇಳ್ತಾ ಇಲ್ಲ. ಅರ್ಧಕ್ಕೆ ಬಿಟ್ಟುಬಿಡೋಕಾಗುತ್ತಾ?

ಸೊಸೆ: ಮತ್ತೆ ಮಂಡಿ ನೋವು?

ಅತ್ತೆ: ಅಷ್ಟು ಹೊತ್ತು ತುದಿಗಾಲಲ್ಲಿ ನಿಂತ್ರೆ ಮಂಡಿ ನೋಯದೆ ಇರುತ್ತಾ?

ಸೊಸೆ ಹಿಡಿಯನ್ನು ಮೇಜಿನ ಮೇಲಿಟ್ಟಳು. ಇನ್ನು ಅಳುವುದಕ್ಕೂ ಅವಳಲ್ಲಿ ಶಕ್ತಿ ಇರಲಿಲ್ಲ. ಈ ಮನೆಯವರಲ್ಲಿ ಪ್ರಾಮಾಣಿಕವಾದ ಕಾಲು ಇರುವವನು ಇನ್ನೊಬ್ಬನೇ. ಕೂಗಾಡದ, ಗದ್ದಲವಿಲ್ಲದ, ಬ್ಯಾಂಕಿಗೆ ಹೋಗಿ ಬಂದು ಮನೆಯಲ್ಲಿ ಹೆಜ್ಜೆ ಸದ್ದೂ ಆಗದಂತೆ ಓಡಾಡುವ ಸಾಧು ಪ್ರಾಣಿ. ತನಗಿಂತ ನಾಲ್ಕು ಬೆರಳು ಎತ್ತರದ ತನ್ನ ಗಂಡ.

ಸೊಸೆ: ಮೆಷಿನ್ ಇನ್ನು ಅರ್ಧ ಗಂಟೆ ಬಿಟ್ಟುಕೊಡಮ್ಮ. ಇವರಣ್ಣನ್ನ ಕರೆಸ್ತೀನಿ.

ಅತ್ತೆ, ಮೈದುನ: ಬೇಡ!

ಇಬ್ಬರೂ ಒಟ್ಟಿಗೇ ಕೂಗಿದ್ದರು. ಅತ್ತೆಯ ಗೆರೆ ಪರದೆಯಿಂದಾಚೆ ಹೋಗಿಬಿಟ್ಟಿತ್ತು.

ಸೊಸೆ: ಯಾಕೆ ಬೇಡ?

ಮೈದುನ: ಅಣ್ಣ ಸುಸ್ತಾಗಿರ್ತಾನೆ ಅತ್ತಿಗೆ.

ಅತ್ತೆ: ಇಷ್ಟು ವರ್ಷ ಸುಖವಾಗಿದ್ದೀರಿ. ಒಂದು ಕಾಲಿಗೋಸ್ಕರ ಯಾಕಮ್ಮ?

ಸೊಸೆ ಇಬ್ಬರ ಮುಖವನ್ನೂ ನೋಡಿದಳು. ಮೆಲ್ಲಗೆ ಫೋನು ತೆಗೆದು, ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿ ಗಂಡನ ನಂಬರು ಒತ್ತಿದಳು. ಅವನು ಮೊದಲ ಸದ್ದಿಗೇ ಎತ್ತಿದ.

ಗಂಡ: ಹೇಳು.

ಸೊಸೆ: ಎಲ್ಲಿದ್ದೀರಿ?

ಗಂಡ: ಈಗಷ್ಟೇ ಮನೆಗೆ ಬಂದೆ. ಅಡುಗೆಮನೇಲಿ ಕಾಫಿ ಮಾಡ್ಕೊತಿದ್ದೀನಿ.

ಸೊಸೆ: ನಿಂತಿದ್ದೀರಾ?

ಗಂಡ: ಹೂಂ, ನಿಂತಿದ್ದೀನಿ. ಯಾಕೆ?

ಸೊಸೆ: ರೀ, ಹೇಗೆ ನಿಂತಿದ್ದೀರಿ?

ಪ್ರಯೋಗಾಲಯದಲ್ಲಿ ಎಲ್ಲರೂ ಫೋನಿನತ್ತ ಕಿವಿ ಚಾಚಿದರು. ಆ ಕಡೆ ಅಡುಗೆಮನೆಯ ನೆಲಕ್ಕೆ, ಒಂದಾದ ಮೇಲೊಂದು, ಎರಡು ಹಿಮ್ಮಡಿಗಳು ಮೆತ್ತಗೆ ಬಂದು ಕೂತ ಸದ್ದು ಕೇಳಿಸಿತು.

ಗಂಡ: ಯಾರು ಹೇಳಿದ್ರು ನಿನಗೆ?